ಡೌ ಅಂದ್ರೆ ಯಾರು?

ನಮ್ಮ ಅಪ್ಪ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಿಸಿನೆಸ್ ಚಾನೆಲ್ ಮುಂದೆ ಕೂರುತ್ತಾರೆ. ರಾತ್ರಿ ಅಮೆರಿಕದಲ್ಲಿ ಡೌ ಎಷ್ಟು ಬಿತ್ತು, ಎಷ್ಟು ಎದ್ದಿತು ಅನ್ನೋದರಿಂದಲೇ ಆ ಚಾನೆಲ್‌ನ ದಿನ ಶುರು. 2020ರ ಮಾರ್ಚ್ 16ರಂದು ಡೌ ಒಂದೇ ದಿನ 2,997 ಅಂಕ ಕುಸಿಯಿತು. ಮಾರನೇ ಬೆಳಿಗ್ಗೆ ಟಿವಿ ತುಂಬ ರಕ್ತಪಾತ, ಕರಡಿ ಕುಣಿತ, ಪ್ಯಾನಿಕ್ ಸೆಲ್ಲಿಂಗ್, ಸಪೋರ್ಟ್ ಬ್ರೇಕ್. ಕುಸಿತ ನಿಜವೇ. ಆದರೆ ಇಷ್ಟು ಪದಗಳಲ್ಲಿ ಒಂದಾದರೂ ಅಪ್ಪನಿಗೆ ಏನು ಮಾಡಬೇಕು ಅಂತ ಹೇಳಲಿಲ್ಲ, ಹೆದರಬೇಕು ಅಂತ ಮಾತ್ರ ಹೇಳಿತು. ಅಪ್ಪ ನಾಲ್ಕು ದಿನ ನೋಡಿ, ನನ್ನ ಮುಂದಿನ ಓದಿಗೆ ಅಂತ ಇಟ್ಟಿದ್ದ ಷೇರುಗಳನ್ನೆಲ್ಲ ಮಾರಿಬಿಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಡೌ ಮೊದಲ ಸಲ 30,000 ದಾಟಿತು. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಮಾಸ್ಟರ್ಸ್‌ಗೆ ಇಲ್ಲಿಗೆ ಬರುವಾಗ ಎಜುಕೇಶನ್ ಲೋನ್ ಸ್ವಲ್ಪ ಜಾಸ್ತಿ ತಗೊಂಡೆವು, ಅಷ್ಟೆ.

ಈಚೆಗೆ ಒಂದು ವಿಡಿಯೋ ಕಾಲ್‌ನಲ್ಲಿ ಅಪ್ಪ ಇದ್ದಕ್ಕಿದ್ದಂತೆ ಕೇಳಿದರು: ಈ ಡೌ ಡೌ ಅಂತಾರಲ್ಲ, ಅದು ಕಂಪನಿಯ ಹೆಸರಾ, ಮನುಷ್ಯನ ಹೆಸರಾ? ಇಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲೇ ಕೂತಿರೋ ಮಗನಿಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಗಿ ಹುಡುಕಿ ಓದಿದೆ. ಡೌ ಮನುಷ್ಯನೇ. ಅವನ ಕಥೆ ಅಪ್ಪನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಚಾರ್ಲ್ಸ್ ಹೆನ್ರಿ ಡೌ ಹುಟ್ಟಿದ್ದು 1851ರ ನವೆಂಬರ್ 6ರಂದು, ಕನೆಕ್ಟಿಕಟ್ ರಾಜ್ಯದ ಸ್ಟರ್ಲಿಂಗ್ ಎಂಬ ಹಳ್ಳಿಯಲ್ಲಿ. ಅಪ್ಪ ರೈತ. ಹುಡುಗನಿಗೆ ಆರು ವರ್ಷವಾದಾಗ ಅಪ್ಪ ತೀರಿಕೊಂಡರು. ಹೈಸ್ಕೂಲ್ ಕೂಡ ಪೂರ್ತಿಯಾಗಲಿಲ್ಲ. ಇವತ್ತು ಎಂಬಿಎ ಮಾಡುವವರೆಲ್ಲ ಯಾರ ಹೆಸರು ಓದುತ್ತಾರೋ, ಅವನು ಕಾಲೇಜಿನ ಮೆಟ್ಟಿಲೇ ಹತ್ತಿದವನಲ್ಲ.

ಇಪ್ಪತ್ತೊಂದರ ವಯಸ್ಸಿಗೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಡೈಲಿ ರಿಪಬ್ಲಿಕನ್ ಪತ್ರಿಕೆ ಸೇರಿದ. ಅಲ್ಲಿನ ಸಂಪಾದಕ ಸ್ಯಾಮ್ಯುಯೆಲ್ ಬೌಲ್ಸ್‌ಗೆ ಉದ್ದುದ್ದ ಬರೆದರೆ ಆಗುತ್ತಿರಲಿಲ್ಲ, ವಿಷಯವನ್ನು ಚುಟುಕಾಗಿ, ನೇರವಾಗಿ ಹೇಳಬೇಕಿತ್ತು. ಆ ಪಾಠ ಡೌಗೆ ಕೊನೆಯವರೆಗೂ ಬಂತು. ಆಮೇಲೆ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ಗೆ ಹೋಗಿ, 1877ರಲ್ಲಿ ಪ್ರಾವಿಡೆನ್ಸ್ ಜರ್ನಲ್ ಸೇರಿದ.

1879ರಲ್ಲಿ ಕೊಲೊರಾಡೊದ ಲೆಡ್‌ವಿಲ್‌ನಲ್ಲಿ ಬೆಳ್ಳಿ ಗಣಿಗಳ ಹುಚ್ಚು ಜೋರಾಗಿತ್ತು. ಗಣಿ ನೋಡಲು ಹೊರಟ ದುಡ್ಡಿದ್ದವರ ತಂಡದ ಜೊತೆ ಪತ್ರಿಕೆ ಡೌನನ್ನೂ ಕಳಿಸಿತು. ಗಣಿಯಲ್ಲಿ ಹಣ ಹೇಗೆ ಹುಟ್ಟುತ್ತದೆ, ಹೇಗೆ ಕರಗುತ್ತದೆ ಅಂತ ಕಣ್ಣಾರೆ ನೋಡಿ ಊರಿನ ಓದುಗರಿಗೆ ಸರಣಿ ಪತ್ರಗಳನ್ನು ಬರೆದ. ಶ್ರೀಮಂತರು ಯಾವ ಮಾಹಿತಿ ಇಟ್ಟುಕೊಂಡು ಹಣ ಹಾಕುತ್ತಾರೆ ಅನ್ನೋದು ಅವನಿಗೆ ಹತ್ತಿರದಿಂದ ಕಂಡದ್ದು ಈ ಪ್ರಯಾಣದಲ್ಲೇ. ಅಲ್ಲಿಂದ ಬಂದ ಸ್ವಲ್ಪ ದಿನಕ್ಕೇ ನ್ಯೂಯಾರ್ಕ್ ಸೇರಿದ.

ಆಗಿನ ವಾಲ್ ಸ್ಟ್ರೀಟ್ ಹೇಗಿತ್ತು ಗೊತ್ತಾ? ಕಂಪನಿಗಳು ಲಾಭ ನಷ್ಟದ ಲೆಕ್ಕವನ್ನು ಜನರ ಮುಂದೆ ಇಡಲೇಬೇಕು ಅನ್ನೋ ಕಟ್ಟಳೆ ಇರಲಿಲ್ಲ. ಷೇರು ವ್ಯಾಪಾರ ನಡೆಯುತ್ತಿದ್ದದ್ದು ಹೆಚ್ಚಾಗಿ ಗಾಳಿಸುದ್ದಿಯ ಮೇಲೆ. ದುಡ್ಡು ತಗೊಂಡು ಇಂಥ ಷೇರು ಚೆನ್ನಾಗಿದೆ ಅಂತ ಬರೆಯುವ ವರದಿಗಾರರು ಬೇಕಾದಷ್ಟಿದ್ದರು. ಅತಿ ದೊಡ್ಡ ಸಟ್ಟಾ ವ್ಯಾಪಾರಿಗಳಲ್ಲಿ ಒಬ್ಬನಾದ ಜೇ ಗೌಲ್ಡ್ 1879ರಿಂದ 1883ರವರೆಗೆ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಮಾಲೀಕನೂ ಆಗಿದ್ದ. 1881ರಲ್ಲಿ ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯೂ ಅವನ ಹಿಡಿತಕ್ಕೆ ಬಂತು. ಅಂದರೆ ಷೇರು ಆಡುವವನೂ ಅವನೇ, ಸುದ್ದಿ ಅಚ್ಚು ಮಾಡುವವನೂ ಅವನೇ, ಸುದ್ದಿ ಹೋಗುವ ತಂತಿಯೂ ಅವನದೇ. ಸಣ್ಣ ವ್ಯಾಪಾರಿ ಯಾವುದನ್ನು ನಂಬಬೇಕು? ಸುದ್ದಿಯ ಮೇಲೆ ನಮಗಿರುವ ಸಿಟ್ಟು ಹೊಸದೇನಲ್ಲ, ಕನಿಷ್ಠ ನೂರನಲವತ್ತು ವರ್ಷ ಹಳೆಯದು.

ಡೌ ಮೊದಲು ಕೀರ್ನನ್ ಎಂಬುವರ ಸುದ್ದಿ ಸಂಸ್ಥೆಯಲ್ಲಿ ದುಡಿದ. ಪ್ರಾವಿಡೆನ್ಸ್‌ನ ಗೆಳೆಯ ಎಡ್ವರ್ಡ್ ಜೋನ್ಸ್‌ನನ್ನೂ ಅಲ್ಲಿಗೆ ಕರೆಸಿಕೊಂಡ. 1882ರ ನವೆಂಬರ್‌ನಲ್ಲಿ ಇವರಿಬ್ಬರೂ ಚಾರ್ಲ್ಸ್ ಬರ್ಗ್‌ಸ್ಟ್ರೆಸರ್ ಜೊತೆ ಸೇರಿ ಡೌ, ಜೋನ್ಸ್ ಅಂಡ್ ಕಂಪನಿ ಶುರು ಮಾಡಿದರು. ಬರ್ಗ್‌ಸ್ಟ್ರೆಸರ್ ಪಾಪ, ಹೆಸರು ಉದ್ದವಾಯ್ತು ಅಂತಲೋ ಏನೋ, ಬೋರ್ಡಿನಲ್ಲಿ ಬರಲೇ ಇಲ್ಲ. ಆಫೀಸು 15, ವಾಲ್ ಸ್ಟ್ರೀಟ್‌ನ ನೆಲಮಾಳಿಗೆಯಲ್ಲಿ. ತೆಳು ಕಾಗದಗಳ ಮಧ್ಯೆ ಕಾರ್ಬನ್ ಇಟ್ಟು ಸುದ್ದಿಯನ್ನು ಕೈಯಲ್ಲೇ ಒತ್ತಿ ಬರೆಯುತ್ತಿದ್ದರು. ಓಡುವ ಹುಡುಗರು ಅದನ್ನು ಬ್ರೋಕರ್‌ಗಳ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಮರುವರ್ಷ ದಿನದ ಸುದ್ದಿಯೆಲ್ಲ ಸೇರಿಸಿ ಮಧ್ಯಾಹ್ನದ ಎರಡು ಪುಟದ ಪತ್ರವೂ ಶುರುವಾಯಿತು.

1884ರ ಜುಲೈ 3ರಂದು ಆ ಪತ್ರದಲ್ಲಿ ಡೌ ಒಂದು ಸಂಖ್ಯೆ ಪ್ರಕಟಿಸಿದ. ಹನ್ನೊಂದು ಕಂಪನಿಗಳ ಷೇರು ಬೆಲೆ ಕೂಡಿಸಿ ಹನ್ನೊಂದರಿಂದ ಭಾಗಿಸಿದ್ದು, ಅಷ್ಟೆ. ಒಂಬತ್ತು ರೈಲು ಕಂಪನಿ, ಒಂದು ಹಡಗು ಕಂಪನಿ, ಒಂದು ವೆಸ್ಟರ್ನ್ ಯೂನಿಯನ್. ಪ್ರೈಮರಿ ಸ್ಕೂಲಿನ ಸರಾಸರಿ ಲೆಕ್ಕ! ಇಂಜಿನಿಯರ್ ಆಗಿ ಇದನ್ನು ಓದಿದಾಗ ಮೊದಲು ನಗು ಬಂತು. ಆಮೇಲೆ ಯೋಚಿಸಿದೆ. ಒಂದು ಷೇರಿನ ಬೆಲೆಯನ್ನು ಯಾರಾದರೂ ದುಡ್ಡಿದ್ದವನು ಕುಣಿಸಬಹುದು. ಹನ್ನೊಂದನ್ನೂ ಒಟ್ಟಿಗೆ ಕುಣಿಸುವುದು ಕಷ್ಟ. ಲ್ಯಾಬಿನಲ್ಲಿ ನಾವು ಹತ್ತು ರೀಡಿಂಗ್ ತಗೊಂಡು ಸರಾಸರಿ ಮಾಡುವುದು ಇದೇ ಕಾರಣಕ್ಕೆ, ಗದ್ದಲ ಕಮ್ಮಿಯಾಗಲಿ ಅಂತ. ಗಾಳಿಸುದ್ದಿಯ ಊರಿನಲ್ಲಿ, ಯಾರು ಬೇಕಾದರೂ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದಾದ ಒಂದು ಸಂಖ್ಯೆ ಅದು.

1889ರ ಜುಲೈ 8ರಂದು ಆ ಪತ್ರವೇ ಬೆಳೆದು ದಿ ವಾಲ್ ಸ್ಟ್ರೀಟ್ ಜರ್ನಲ್ ಆಯಿತು. ನಾಲ್ಕು ಪುಟ, ಬೆಲೆ ಎರಡು ಸೆಂಟ್. ದುಡ್ಡು ತಗೊಂಡು ಹೊಗಳುವುದಿಲ್ಲ ಅನ್ನೋದು ಅದರ ನಿಯಮ. ಲೆಕ್ಕ ಕೊಡಲು ಹಿಂಜರಿಯುವ ಕಂಪನಿಗಳ ಹೆಸರನ್ನೂ ಹಾಕುತ್ತಿತ್ತು. 1896ರ ಮೇ 26ರಂದು ಕೈಗಾರಿಕಾ ಕಂಪನಿಗಳ ಸರಾಸರಿ ಬೇರೆಯಾಗಿ ಬಂತು: ಸಕ್ಕರೆ, ತಂಬಾಕು, ಚರ್ಮ, ರಬ್ಬರ್, ಗ್ಯಾಸ್ ಎಲ್ಲ ಸೇರಿ ಹನ್ನೆರಡು ಕಂಪನಿ. ಮೊದಲ ದಿನದ ಅಂಕ 40.94. ಅಪ್ಪನ ಟಿವಿಯಲ್ಲಿ ಬರುವ ಡೌ ಇದೇ. ಈಗ ಅದರಲ್ಲಿ ಮೂವತ್ತು ಕಂಪನಿಗಳಿವೆ.

ಡೌನನ್ನು ದೇವರು ಮಾಡುವುದು ಬೇಡ. 1885ರಿಂದ 1891ರವರೆಗೆ ಅವನೇ ನ್ಯೂಯಾರ್ಕ್ ಷೇರುಪೇಟೆಯ ಸದಸ್ಯನಾಗಿ, ಒಂದು ಬ್ರೋಕರ್ ಸಂಸ್ಥೆಯ ಪಾಲುದಾರನೂ ಆಗಿದ್ದ. ಸುದ್ದಿ ಬರೆಯುವವನು ವ್ಯಾಪಾರದಲ್ಲೂ ಕಾಲಿಡುವುದು ಇವತ್ತಾದರೆ ಪ್ರಶ್ನೆಯಾಗುತ್ತಿತ್ತು. ಆದರೆ ಒಳಗೆ ಕೂತು ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಕಲಿತದ್ದು ಅವನ ಬರಹಕ್ಕೆ ಬಂತು.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಗಡ್ಡ, ಮಾತು ಕಮ್ಮಿ. ಮೇಷ್ಟ್ರ ಹಾಗೆ ಕಾಣುತ್ತಿದ್ದನಂತೆ. 1899ರಿಂದ ಪತ್ರಿಕೆಯಲ್ಲಿ ಸಂಪಾದಕೀಯ ಬರೆಯತೊಡಗಿದ. ಪೇಟೆಯನ್ನು ಸಮುದ್ರಕ್ಕೆ ಹೋಲಿಸಿ, ಉಬ್ಬರ ಬೇರೆ, ಅಲೆ ಬೇರೆ, ಸಣ್ಣ ತೆರೆ ಬೇರೆ ಅಂತ ಬಿಡಿಸಿ ಹೇಳಿದ. ಒಂದು ದಿನದ ತೆರೆ ನೋಡಿ ಸಮುದ್ರ ಎತ್ತ ಹೋಗುತ್ತಿದೆ ಅಂತ ತೀರ್ಮಾನ ಮಾಡಬಾರದು ಅನ್ನೋದು ಅದರ ಸಾರ. ಪುಸ್ತಕ ಮಾಡಲಿಲ್ಲ. ಡೌ ಥಿಯರಿ ಅನ್ನೋ ಹೆಸರು ಕೊಟ್ಟವರು ಬೇರೆಯವರು. 1902ರಲ್ಲಿ ಕಂಪನಿ ಕ್ಲಾರೆನ್ಸ್ ಬ್ಯಾರನ್ ಕೈಗೆ ಹೋಯಿತು. ಅದೇ ವರ್ಷ ಡಿಸೆಂಬರ್ 4ರಂದು ಬ್ರೂಕ್ಲಿನ್‌ನಲ್ಲಿ ಡೌ ತೀರಿಕೊಂಡ. ವಯಸ್ಸು ಬರೀ 51.

ನನಗೆ ಬೇಜಾರಾಗುವುದು ಇಲ್ಲೇ. ಗದ್ದಲ ಕಮ್ಮಿ ಮಾಡಲು ಒಬ್ಬ ಒಂದು ಸಂಖ್ಯೆ ಮಾಡಿದ. ಈಗ ಅವನ ಹೆಸರೇ ದೊಡ್ಡ ಗದ್ದಲ. ಡೌ 40,000 ಇದ್ದಾಗ 400 ಅಂಕ ಬಿತ್ತು ಅಂದರೆ ನೂರಕ್ಕೆ ಒಂದು ರೂಪಾಯಿ ಕಮ್ಮಿಯಾಯಿತು ಅಂತ ಅರ್ಥ. ನೂರಕ್ಕೆ ಒಂದು ಅಂದರೆ ಯಾರೂ ಚಾನೆಲ್ ಬದಲಿಸದೆ ಕೂರಲ್ಲ. 400 ಅಂಕ ಪತನ ಅಂದರೆ ಕೂರುತ್ತಾರೆ.

ಇದೆಲ್ಲ ಹೇಳಿ ಮುಗಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಮಾರ್ಚ್ 16ರಂದು ನೂರಕ್ಕೆ ಎಷ್ಟು ಬಿದ್ದಿತ್ತು ಅಂತ ಕೇಳಿದರು. ಸುಮಾರು 13 ಅಂದೆ. ಅದು ನಿಜವಾಗಿಯೂ ದೊಡ್ಡದೇ, ಅವರು ಹೆದರಿದ್ದು ತಪ್ಪಲ್ಲ ಅಂತಲೂ ಹೇಳಿದೆ. ಐದು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಆ ವಿಷಯ ಮಾತಾಡಿದ್ದು ಅವತ್ತು. ಈಗಲೂ ಬೆಳಿಗ್ಗೆ ಚಾನೆಲ್ ಹಾಕ್ತಾರೆ. ಅಂಕ ಕಂಡ ಕೂಡಲೇ ಅಲ್ಲೇ ಇರುವ ಪೇಪರ್ ಮೇಲೆ ನೂರಕ್ಕೆ ಎಷ್ಟು ಅಂತ ಭಾಗಿಸಿ ನೋಡ್ತಾರಂತೆ, ಅಮ್ಮ ಹೇಳಿದರು.

ಸ್ನೇಹಿತರೇ, ಊರಿನಿಂದ ಫೋನ್ ಮಾಡಿ ಅಲ್ಲಿ ಏನೋ ಬಿತ್ತಂತೆ ಅಂತ ಯಾರಾದರೂ ಕೇಳಿದರೆ, ನೂರಕ್ಕೆ ಎಷ್ಟು ಅಂತ ಮೊದಲು ಹೇಳಿ. ಡೌ ಮಾಡಿದ್ದೂ ಅಂಥದ್ದೇ ಸಣ್ಣ ಲೆಕ್ಕ.