ಶೆಡ್ಡಿನ ಫಿಯಟ್ ಮತ್ತು ಸರ್ ಎಂ.ವಿ.

ಪುತ್ತೂರು, ಸುಳ್ಯ, ಕಡಬ ಕಡೆಯ ತೋಟದ ಮನೆಗಳಿಗೆ ಹೋದರೆ ಶೆಡ್ಡಿನೊಳಗೆ ಒಮ್ಮೆ ಇಣುಕಿ ನೋಡಿ. ಅಡಿಕೆ ಗೋಣಿ, ಮದ್ದು ಬಿಡುವ ಪಂಪು, ಸುತ್ತಿಟ್ಟ ಪೈಪುಗಳ ಹಿಂದೆ ಟಾರ್ಪಾಲು ಹೊದ್ದುಕೊಂಡು ಒಂದು ಹಳೆ ಗಾಡಿ ನಿಂತಿರುವ ಮನೆಗಳು ಇನ್ನೂ ಉಂಟು. ಕೆಲವು ಕಡೆ ಜೀಪು, ಕೆಲವು ಕಡೆ ಅಂಬಾಸಿಡರ್, ಇನ್ನು ಕೆಲವು ಕಡೆ ಫಿಯಟ್. ಆರ್‌ಸಿ ಪುಸ್ತಕದಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಬರೆದಿದ್ದರೂ ಮನೆಯವರ ಬಾಯಲ್ಲಿ ಅದು ಫಿಯಟ್ಟೇ. ಅಜ್ಜ ಓಡಿಸಿದ ಕಾರು. ಮಾರಲು ಮನಸ್ಸಿಲ್ಲ, ಗುಜರಿಗೆ ಹಾಕುವ ಮಾತಂತೂ ಎತ್ತುವ ಹಾಗೇ ಇಲ್ಲ.

ಅಂಥ ಕಾರನ್ನು ಮನೆಯಲ್ಲೇ ಬಿಚ್ಚಿ, ಸರಿ ಮಾಡಿ, ಮತ್ತೆ ರಸ್ತೆಗೆ ಇಳಿಸಬೇಕು ಎಂಬ ಆಸೆ ನಮ್ಮ ಕ್ಯಾಂಪಸ್ಸಿನಲ್ಲಿ ಮೆಕ್ಯಾನಿಕಲ್‌ನವರಿಗೆ ಮಾತ್ರ ಇರುವುದಲ್ಲ, ಸಿವಿಲ್ ಮತ್ತು ಕಂಪ್ಯೂಟರ್ ಸೈನ್ಸ್‌ನವರಿಗೂ ಉಂಟು. ಆಸೆ ಹೇಳಿಕೊಂಡ ಕೂಡಲೇ ಎದುರಿನವರು ಕೇಳುವುದು ಒಂದೇ, ಪಾರ್ಟ್ಸ್ ಸಿಗ್ತದಾ ಅಂತ. ಅದೇ ಕಾಲದ ಅಮೆರಿಕದ ದೊಡ್ಡ ಕಾರಾದರೆ ಒಂದು ದೀಪದ ಗಾಜಿಗೂ ಕಡಲಾಚೆ ಹುಡುಕಬೇಕು. ಫಿಯಟ್‌ಗೆ ಅಷ್ಟು ಕಷ್ಟ ಇಲ್ಲ. ಯಾಕೆಂದರೆ ಈ ಕಾರು ಬರೀ ಇಲ್ಲಿ ಓಡಿದ್ದಲ್ಲ, ಇಲ್ಲೇ ಹುಟ್ಟಿದ್ದು. ಕಾರು ಇಲ್ಲೇ ಹುಟ್ಟಬೇಕು ಅಂತ 74ನೇ ವಯಸ್ಸಿನಲ್ಲಿ ಲೆಕ್ಕ ಹಾಕಲು ಕುಳಿತ ಒಬ್ಬ ಕನ್ನಡಿಗ ಇದ್ದರು. ಪ್ರತಿ ಸೆಪ್ಟೆಂಬರ್ 15ಕ್ಕೆ ಸೆಮಿನಾರ್ ಹಾಲಿನಲ್ಲಿ ನಾವು ಹಾರ ಹಾಕುವ ಫೋಟೋ ಅವರದೇ. ಭಾಷಣಗಳಲ್ಲಿ ಕನ್ನಂಬಾಡಿ ಬರುತ್ತದೆ, ದಿವಾನಗಿರಿ ಬರುತ್ತದೆ, ಭಾರತರತ್ನ ಬರುತ್ತದೆ. ಕಾರಿನ ಅಧ್ಯಾಯ ಮಾತ್ರ ಬರುವುದು ಕಡಿಮೆ. ಈ ಸಲ ಅದನ್ನೇ ಹೇಳುತ್ತೇವೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿಕೊಂಡರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ., ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಅಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಹಳೆ ಗಾಡಿ ಸರಿ ಮಾಡುವವರು ಗಮನಿಸಲೇಬೇಕು. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಅಣೆಕಟ್ಟು ಇವರು ಹೋಗುವ ಮೊದಲೇ ಕಟ್ಟಿದ್ದು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗೆ ಕೊರತೆ. ಸುಲಭದ ಉತ್ತರ ಅಂದರೆ ಅಣೆಕಟ್ಟನ್ನು ಎತ್ತರಿಸುವುದು ಅಥವಾ ಇನ್ನೊಂದನ್ನು ಕಟ್ಟುವುದು. ವಿಶ್ವೇಶ್ವರಯ್ಯನವರು ಇದ್ದ ಅಣೆಕಟ್ಟನ್ನೇ ಉಳಿಸಿಕೊಂಡು ಕೋಡಿಗೆ ಸ್ವಯಂಚಾಲಿತ ಗೇಟುಗಳನ್ನು ರೂಪಿಸಿದರು. ನೀರು ಒಂದು ಮಟ್ಟ ಮುಟ್ಟುವ ತನಕ ಗೇಟು ಮುಚ್ಚಿಕೊಂಡಿರುತ್ತದೆ. ಮಟ್ಟ ದಾಟಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತದೆ. ನೀರು ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಈ ಗೇಟುಗಳು ಬಂದವು, ಅದಕ್ಕೆ ಅವರ ಹೆಸರಲ್ಲಿ ಪೇಟೆಂಟೂ ಆಯಿತು. ಹಳೆಯದನ್ನು ಕೆಡವದೆ, ಅದರ ಕೊರತೆ ಎಲ್ಲಿ ಅಂತ ಹುಡುಕಿ, ಅಷ್ಟನ್ನೇ ತುಂಬಿಸಿಕೊಟ್ಟ ಕೆಲಸ ಅದು.

1898ರಲ್ಲಿ ಜಪಾನಿಗೆ ಹೋಗಿ ಬಂದದ್ದು ಅವರ ಮೇಲೆ ದೊಡ್ಡ ಪರಿಣಾಮ ಮಾಡಿತು. ಏಷ್ಯಾದ್ದೇ ಒಂದು ದೇಶ ಶಾಲೆ, ಕಾರ್ಖಾನೆ, ಹಡಗು ಎಲ್ಲವನ್ನೂ ತಾನೇ ಮಾಡಿಕೊಳ್ಳುವುದನ್ನು ಕಣ್ಣಾರೆ ಕಂಡರು. 1908ರಲ್ಲಿ ಮುಂಬಯಿ ನೌಕರಿ ಬಿಟ್ಟರು. ಅದೇ ವರ್ಷ ಮೂಸಿ ನದಿಯ ಪ್ರವಾಹದಲ್ಲಿ ಹೈದರಾಬಾದ್ ಕೊಚ್ಚಿಹೋಗಿತ್ತು. ಆ ಊರಿಗೆ ಪ್ರವಾಹ ತಡೆಯುವ ಯೋಜನೆ ಮಾಡಿಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕ್, 1916ರ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿಗೆ ಬಂದ ಎಂಜಿನಿಯರಿಂಗ್ ಕಾಲೇಜು ಎಲ್ಲ ಆ ಕಾಲದ್ದೇ. ನಮ್ಮಂಥ ಕನ್ನಡ ಸಂಘದವರು ನೆನಪಿಡಬೇಕಾದ್ದು ಇನ್ನೊಂದುಂಟು: 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಇವರು ದಿವಾನರಾಗಿದ್ದಾಗಲೇ. ನಮ್ಮ ಪುತ್ತೂರು, ಸುಳ್ಯ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಘಟ್ಟದ ಮೇಲೆ ನಡೆಯುತ್ತಿದ್ದ ಈ ಕೆಲಸಗಳು ನಮ್ಮವರಿಗೆ ಪಕ್ಕದ ರಾಜ್ಯದ ಸುದ್ದಿ.

1918ರಲ್ಲಿ ದಿವಾನಗಿರಿ ಬಿಟ್ಟರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡಬೇಕೆಂಬ ಮಹಾರಾಜರ ನಿಲುವಿಗೂ ಇವರ ನಿಲುವಿಗೂ ಹೊಂದಲಿಲ್ಲ. ಆ ವಿಷಯದಲ್ಲಿ ಮಹಾರಾಜರ ಕಡೆಗೇ ನ್ಯಾಯ ಇತ್ತು ಅಂತ ನಮ್ಮ ಅಭಿಪ್ರಾಯ. ದೊಡ್ಡವರ ಬದುಕನ್ನು ಓದುವಾಗ ಒಪ್ಪದ ಜಾಗವನ್ನೂ ಹೇಳಿಯೇ ಮುಂದೆ ಹೋಗಬೇಕು.

ದಿವಾನಗಿರಿ ಮುಗಿದರೂ ಕೆಲಸ ಮುಗಿಯಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗುವಾಗಲೇ ಕಷ್ಟದಲ್ಲಿತ್ತು. ಕಬ್ಬಿಣದ ಬೆಲೆ ಬಿದ್ದಿತ್ತು, ನಷ್ಟ ಏರುತ್ತಿತ್ತು. ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡ ವಿಶ್ವೇಶ್ವರಯ್ಯನವರು 1929ರ ತನಕ ನಿಂತು ಅದನ್ನು ದಾರಿಗೆ ತಂದರು. ಕೆಟ್ಟು ನಿಂತದ್ದನ್ನು ಓಡುವ ಹಾಗೆ ಮಾಡುವ ಕಲೆ ಅವರಿಗೆ ಅಣೆಕಟ್ಟಿನಲ್ಲೂ ಒಲಿದಿತ್ತು, ಕಾರ್ಖಾನೆಯಲ್ಲೂ ಒಲಿಯಿತು.

ಇನ್ನು ಕಾರಿನ ವಿಷಯ. 1930ರ ದಶಕದಲ್ಲಿ ನಮ್ಮ ದೇಶದ ರಸ್ತೆಯಲ್ಲಿ ಕಾರು, ಲಾರಿ, ಬಸ್ಸು ಓಡುತ್ತಿದ್ದವು ನಿಜ. ಆದರೆ ಎಲ್ಲವೂ ಹೊರಗಿನವು. ಅಮೆರಿಕದ ಕಂಪೆನಿಗಳು ಇಲ್ಲಿ ಜೋಡಿಸುವ ಶೆಡ್ಡು ಹಾಕಿದ್ದವು. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಬೋಲ್ಟ್ ಹಾಕಿ ಕೂಡಿಸಿ ಮಾರುತ್ತಿದ್ದವು. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ. ಒಂದು ಕಾರು ಪೂರ್ತಿ ಇಲ್ಲೇ ಆಗಬೇಕಾದರೆ ಉಕ್ಕು ಬೇಕು, ಎರಕ ಬೇಕು, ರಬ್ಬರು, ಗಾಜು, ಬಣ್ಣ, ವಯರು, ಬೇರಿಂಗು ಎಲ್ಲ ಬೇಕು. ಒಂದು ಕಾರು ಕಾರ್ಖಾನೆಯ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು ಏಳುತ್ತವೆ. 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕವನ್ನೇ ಬರೆದವರಿಗೆ ಈ ಸರಪಳಿ ಕಾಣದೆ ಇರುತ್ತದಾ?

1935ರಲ್ಲಿ ಅವರು ಯುರೋಪು, ಅಮೆರಿಕಕ್ಕೆ ಹೊರಟರು. ವಯಸ್ಸು 74. ಕಾರು ಕಾರ್ಖಾನೆಗಳನ್ನು ನೋಡಿ, ಮಾಹಿತಿ ಕಲೆಹಾಕಿಕೊಂಡು ಬಂದು, ಭಾರತದಲ್ಲಿ ಕಾರು ಮಾಡುವ ಯೋಜನೆಯೊಂದನ್ನು 1936ರಲ್ಲಿ ಸಿದ್ಧಪಡಿಸಿದರು. ದುಡ್ಡು ಹಾಕಿ ಕೆಲಸಕ್ಕೆ ಇಳಿಯುವ ಧೈರ್ಯ ತೋರಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. 1937ರಲ್ಲಿ ಬಂದ ಮುಂಬಯಿಯ ಕಾಂಗ್ರೆಸ್ ಸರ್ಕಾರವೂ ನೆರವಿಗೆ ಮುಂದಾಯಿತು. 1939ರಲ್ಲಿ ಯುದ್ಧ ಶುರುವಾಗಿ ಆ ಸರ್ಕಾರ ರಾಜೀನಾಮೆ ಕೊಟ್ಟಿತು. ಆಮೇಲೆ ಕಾರ್ಖಾನೆಯನ್ನು ಬೆಂಗಳೂರಿಗೇ ತರುವ ಪ್ರಯತ್ನ ನಡೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಒಲವು ತೋರಿದರು. ಅಮೆರಿಕದ ಕ್ರೈಸ್ಲರ್ ಕಂಪೆನಿಯ ಜೊತೆ ವಾಲ್‌ಚಂದ್ ಒಪ್ಪಂದವನ್ನೂ ಮಾಡಿಕೊಂಡಿದ್ದರು. ಆದರೆ ದಿಲ್ಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕ್ಕೆ ಇದು ತುರ್ತಲ್ಲ ಎಂಬುದು ಅವರು ಕೊಟ್ಟ ಕಾರಣ. ಲೆಕ್ಕ ಸರಿ ಇತ್ತು, ದುಡ್ಡಿತ್ತು, ಜಾಗ ಇತ್ತು, ಒಪ್ಪಿಗೆ ಇರಲಿಲ್ಲ. ಬೆಂಗಳೂರಿನ ಕಾರು ಕಾರ್ಖಾನೆ ಕಾಗದದಲ್ಲೇ ಉಳಿಯಿತು.

ಕಾರಿಗೆ ಸಿಗದ ಒಪ್ಪಿಗೆ ವಿಮಾನಕ್ಕೆ ಸಿಕ್ಕಿತು. ಯುದ್ಧಕ್ಕೆ ವಿಮಾನ ಬೇಕಿತ್ತಲ್ಲ! ವಾಲ್‌ಚಂದ್ ಮತ್ತು ಮೈಸೂರು ಸರ್ಕಾರ ಕೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ಯುದ್ಧಕಾಲದಲ್ಲಿ ಅಲ್ಲಿ ನಡೆದ ದೊಡ್ಡ ಕೆಲಸ ಹೊಸ ವಿಮಾನ ಮಾಡುವುದಲ್ಲ, ಅಮೆರಿಕದ ವಿಮಾನಗಳ ರಿಪೇರಿ. ಸ್ವಾತಂತ್ರ್ಯ ಬಂದ ಮೇಲೆ ಇನ್ನೂ ದೊಡ್ಡ ಸಂಗತಿ ನಡೆಯಿತು. ಯುದ್ಧ ಮುಗಿಸಿ ಹೋದವರು ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರಬಾರದು ಅಂತ ಹಾಳುಗೆಡವಿ ಬಿಟ್ಟಿದ್ದರು. ಎಚ್‌ಎಎಲ್‌ನವರು 1948ರಲ್ಲಿ ಅವುಗಳಿಗೆ ಅಲ್ಲೇ ತೇಪೆ ಹಾಕಿ, ಹೇಗೋ ಹಾರುವ ಹಾಗೆ ಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ಸರಿ ಮಾಡಿ ವಾಯುಪಡೆಗೆ ಕೊಟ್ಟರು. ನಲವತ್ತಕ್ಕೂ ಹೆಚ್ಚು ವಿಮಾನಗಳು! 1968ರ ತನಕ ಅವು ಕೆಲಸ ಮಾಡಿದವು. ನಮ್ಮ ದೇಶದಲ್ಲಿ ನಡೆದ ಅತಿ ದೊಡ್ಡ ರೆಸ್ಟೊರೇಶನ್ ಕೆಲಸಗಳಲ್ಲಿ ಇದೂ ಒಂದು ಅಂತ ಧೈರ್ಯವಾಗಿ ಹೇಳಬಹುದು.

ಕಾರಿನ ಕನಸನ್ನು ವಾಲ್‌ಚಂದ್ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಕಾರ್ಖಾನೆ ಬೆಂಗಳೂರಿನಲ್ಲಲ್ಲ, ಮುಂಬಯಿಯ ಕುರ್ಲಾದಲ್ಲಿ. 1942ರಲ್ಲೇ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಶುರುವಾಗಿತ್ತು; ಅಂಬಾಸಿಡರ್ ಬಂದದ್ದು ಅಲ್ಲಿಂದ. ಪ್ರೀಮಿಯರ್‌ನ ಗಾಡಿಗಳು 1947ರಲ್ಲಿ ಹೊರಬಂದವು. 1950ರ ದಶಕದಲ್ಲಿ ಇಟಲಿಯ ಫಿಯಟ್ ಜೊತೆ ಕೈಜೋಡಿಸಿದ ಮೇಲೆ ಒಂದೊಂದೇ ಭಾಗ ಇಲ್ಲೇ ತಯಾರಾಗುತ್ತಾ ಹೋಯಿತು. 1964ರ ಹೊತ್ತಿಗೆ ಫಿಯಟ್ 1100 ಡಿಲೈಟ್. ಅದೇ ಕಾರಿಗೆ 1970ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಅಂತ ಹೆಸರು ಬಂತು. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ನಮ್ಮ ಶೆಡ್ಡುಗಳಲ್ಲಿ ಇರುವುದು ಇದೇ.

ಕುರ್ಲಾದಿಂದ ಮೊದಲ ಗಾಡಿ ಬರುವಾಗ ವಿಶ್ವೇಶ್ವರಯ್ಯನವರಿಗೆ 85 ದಾಟಿತ್ತು. ಕಾರ್ಖಾನೆಯ ಹೆಸರಿನಲ್ಲಿ ಅವರಿಲ್ಲ, ಬಾನೆಟ್ಟಿನ ಮೇಲೆ ಅವರಿಲ್ಲ. ಅವರು ಅದಕ್ಕೆ ಕೊರಗಿ ಕುಳಿತವರೂ ಅಲ್ಲ. ಯೋಜನೆಗೆ ಒಪ್ಪಿಗೆ ಸಿಗದೆ ಇದ್ದ ದಿನಗಳಲ್ಲೇ, 1941ರಲ್ಲಿ, ದೇಶದ ತಯಾರಕರನ್ನೆಲ್ಲ ಸೇರಿಸಿ ಅಖಿಲ ಭಾರತ ತಯಾರಕರ ಸಂಘಟನೆಯನ್ನು ಕಟ್ಟಿದರು. 1943ರಲ್ಲಿ ಬೆಂಗಳೂರಿನಲ್ಲಿ ಕೈಕೆಲಸ ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆ ಅವರ ಮುತುವರ್ಜಿಯಿಂದ ಬಂತು. 1951ರಲ್ಲಿ ತನ್ನ ಕೆಲಸದ ನೆನಪುಗಳನ್ನು ಪುಸ್ತಕ ಮಾಡಿದರು. 1955ರಲ್ಲಿ ಭಾರತರತ್ನ. 1962ರ ಏಪ್ರಿಲಿನಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು.

ಈಗ ಶೆಡ್ಡಿಗೆ ಬರೋಣ. ಈ ಬದುಕಿನಿಂದ ಸ್ಪ್ಯಾನರ್ ಹಿಡಿಯುವವರಿಗೆ ಏನು ಸಿಗ್ತದೆ?

ಒಂದು, ಅಳತೆ ಮೊದಲು, ಕೆಲಸ ಆಮೇಲೆ. ಅವರು ಯಾವ ಕೆಲಸಕ್ಕೂ ಸರ್ವೆ ಇಲ್ಲದೆ ಕೈ ಹಾಕಿದವರಲ್ಲ. ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಸೀದಾ ಸ್ಟಾರ್ಟ್ ಮಾಡಲು ಹೋಗಬೇಡಿ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು, ಎಂಜಿನನ್ನು ಕೈಯಲ್ಲೇ ನಿಧಾನ ತಿರುಗಿಸಿ ನೋಡಿ. ತಿರುಗಿದರೆ ಕಂಪ್ರೆಷನ್ ಅಳೆದು ನಾಲ್ಕೂ ಸಿಲಿಂಡರಿನ ಅಂಕಿ ಬರೆದಿಡಿ. ಹಳೆ ಪೆಟ್ರೋಲು ಖಾಲಿ ಮಾಡಿ, ಟ್ಯಾಂಕು, ಕಾರ್ಬೊರೇಟರ್ ತೊಳೆಯಿರಿ. ಎಂಜಿನ್ ಓಡುವ ಖುಷಿಗಿಂತ ಮೊದಲು ಬ್ರೇಕು ನೋಡಿ. ವೀಲ್ ಸಿಲಿಂಡರಿನ ರಬ್ಬರುಗಳು ಗಟ್ಟಿಯಾಗಿ ಕೂತಿರುತ್ತವೆ. ನಮ್ಮೂರಿನ ಮಳೆಗೆ ತುಕ್ಕು ಹಿಡಿಯುವುದು ಕಾಣದ ಜಾಗದಲ್ಲಿ. ಮ್ಯಾಟ್ ಎತ್ತಿ ನೆಲದ ತಗಡು ನೋಡಿ, ಬಾಗಿಲ ಕೆಳಗಿನ ಅಂಚನ್ನು ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ನೋಡಿ. ಬಿಚ್ಚುವ ಪ್ರತಿ ಭಾಗಕ್ಕೂ ಫೋಟೋ, ಪ್ರತಿ ಬೋಲ್ಟಿಗೂ ಚೀಟಿ.

ಎರಡು, ಕೆಡವುವುದಕ್ಕಿಂತ ಉಳಿಸುವುದು ಮೇಲು. ಖಡಕ್‌ವಾಸ್ಲಾದ ಪಾಠ ಇದು. ಹಳೆ ಕಾರಿಗೆ ಈಗಿನ ಎಂಜಿನ್ ತುಂಬಿಸಿದರೆ ವೇಗ ಬರಬಹುದು, ಕಾರು ಹೋಗುತ್ತದೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ, ಬಾಡಿಗೆ ವ್ಯಾಪಾರಕ್ಕಿಲ್ಲದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಆ ನೋಂದಣಿ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ ಇಂಥದಕ್ಕೆ ಓಡಿಸಬಹುದು, ದಿನಾ ಕಾಲೇಜಿಗೆ ಬರಲು ಆಗುವುದಿಲ್ಲ. ಯಾವುದು ಬೇಕು ಅಂತ ಮೊದಲೇ ಮನೆಯವರ ಜೊತೆ ಕೂತು ತೀರ್ಮಾನಿಸಿ.

ಮೂರನೆಯದ್ದು ಎಲ್ಲಕ್ಕಿಂತ ದೊಡ್ಡದು. ಒಂದು ವಸ್ತುವನ್ನು ಮನೆಯಲ್ಲಿ ರಿಪೇರಿ ಮಾಡಲು ಆಗಬೇಕಾದರೆ ಅದರ ಬಿಡಿಭಾಗ ನಮ್ಮ ಸುತ್ತಮುತ್ತ ತಯಾರಾಗುತ್ತಿರಬೇಕು, ಅದರ ಒಳಗುಟ್ಟು ತಿಳಿದ ಮೆಕ್ಯಾನಿಕ್ ನಮ್ಮೂರ ಪೇಟೆಯಲ್ಲಿರಬೇಕು. ವಿಶ್ವೇಶ್ವರಯ್ಯನವರು ಕಾರು ಇಲ್ಲೇ ಆಗಬೇಕು ಅಂತ ಹಟ ಹಿಡಿದದ್ದರ ಅರ್ಥ ಶೆಡ್ಡಿನಲ್ಲಿ ಕೂತವರಿಗೆ ಚೆನ್ನಾಗಿ ತಿಳಿಯುತ್ತದೆ. ಇಂದಿನ ಕಾರು ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ಬಿಚ್ಚಲಾಗದ ಪೆಟ್ಟಿಗೆ, ಅದರೊಳಗೆ ಎಲ್ಲೋ ಬರೆದ ಸಾಫ್ಟ್‌ವೇರು. ಕೈಯಲ್ಲಿರುವ ಫೋನಿನ ಕಥೆಯೂ ಅದೇ. ಜೋಡಿಸುವುದಕ್ಕೂ ತಯಾರಿಸುವುದಕ್ಕೂ ಇರುವ ವ್ಯತ್ಯಾಸ ಅವರ ಕಾಲಕ್ಕೇ ಮುಗಿದುಹೋದ ಪ್ರಶ್ನೆಯಲ್ಲ, ನಮ್ಮ ಪ್ಲೇಸ್‌ಮೆಂಟಿನ ನಂತರದ ಪ್ರಶ್ನೆ.

ಹಾಗಾಗಿ ಈ ಎಂಜಿನಿಯರ್ಸ್ ಡೇಗೆ ಹಾರದ ಜೊತೆ ಒಂದು ಕೆಲಸವೂ ಇರಲಿ. ಮನೆಯಲ್ಲಿ ಹಳೆ ಗಾಡಿ ಇದ್ದವರು ದಸರಾ ರಜೆಯಲ್ಲಿ ಟಾರ್ಪಾಲು ಎತ್ತಿ, ಒಂದು ನೋಟ್‌ಬುಕ್ ಇಟ್ಟುಕೊಂಡು, ಏನುಂಟು ಏನಿಲ್ಲ ಅಂತ ಪಟ್ಟಿ ಮಾಡಿ. ಗಾಡಿ ಇಲ್ಲದವರು ಇದ್ದವರ ಮನೆಗೆ ಕೈ ಜೋಡಿಸಲು ಹೋಗಿ. ಪಟ್ಟಿ ಪೂರ್ತಿಯಾದ ಮೇಲೆ ಮಾತ್ರ ಸ್ಪ್ಯಾನರ್ ಕೈಗೆತ್ತಿಕೊಳ್ಳಿ.