ಸ್ವರಗಳನ್ನು ಕಾಪಾಡಿದ ದೊರೆ: ಶ್ರೀ ಜಯಚಾಮರಾಜೇಂದ್ರ ಒಡೆಯರು

ನಮ್ಮ ಗೆಟ್ಟವಾಡಿ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ನನ್ನ ಮನಸ್ಸಿಗೆ ಮೊದಲು ಬಂದವರು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು. ನಾನು ಸಂಗೀತ ವಿದ್ವಾಂಸನಲ್ಲ. ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸಿದ್ದಷ್ಟೇ ನನ್ನ ಸಂಗೀತ. ಆದರೂ ಅವರನ್ನು ಆರಿಸಿಕೊಂಡುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೈಸೂರಿನ ಅರಸರಿಗೂ ತಾಳವಾಡಿಯ ಈ ಗುಡ್ಡಗಾಡಿಗೂ ಏನು ನಂಟು ಎಂದು ಕೆಲವರು ಕೇಳಬಹುದು. ನಮ್ಮ ನೆರೆಯ ಪೇಟೆಯಾದ ಚಾಮರಾಜನಗರವು ಹಿಂದೆ ಅರಿಕುಠಾರವೆಂದು ಹೆಸರಾಗಿತ್ತು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಈಗಿನ ಹೆಸರನ್ನಿತ್ತರು. ಇನ್ನು ಜಯಚಾಮರಾಜೇಂದ್ರ ಒಡೆಯರು 1964ರಿಂದ 1966ರವರೆಗೆ ಮದ್ರಾಸ್ ರಾಜ್ಯದ ರಾಜ್ಯಪಾಲರಾಗಿದ್ದರು. ಆಗ ನಮ್ಮ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈರೋಡು ಜಿಲ್ಲೆ ಆದದ್ದು 1979ರಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೂ ಮೈಸೂರು ನಮಗೆ ಹೊರರಾಜ್ಯವಾಗಿಯೇ ಉಳಿಯಿತಾದರೂ ಆ ಎರಡು ವರ್ಷಗಳ ಕಾಲ ಮೈಸೂರಿನ ಒಡೆಯರೇ ನಮ್ಮ ರಾಜ್ಯಪಾಲರಾಗಿದ್ದರೆಂಬುದು ಸಂತೋಷದ ಸಂಗತಿ.

ಅವರು ಜನಿಸಿದ್ದು 1919ರ ಜುಲೈ 18ರಂದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು. ಬಾಲ್ಯದಿಂದಲೇ ಪಿಯಾನೋ ವಾದನವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದ ಅವರಿಗೆ ಕಛೇರಿಗಳಲ್ಲಿ ನುಡಿಸುವ ಪಿಯಾನೋ ವಾದಕನಾಗಬೇಕೆಂಬ ಹಂಬಲವಿತ್ತು. ಆದರೆ 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ರಾಜ್ಯಭಾರ ಹೆಗಲೇರಿತು. ಆ ಹಂಬಲ ಅಲ್ಲಿಗೇ ನಿಂತಿತು. ಅಭ್ಯಾಸ ಮಾತ್ರ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಮನ್ನಣೆಯೂ ಅವರಿಗೆ ದೊರೆತವು.

ಪಿಯಾನೋವನ್ನು ಕಾಣದ ನಮ್ಮ ಮಕ್ಕಳಿಗಾಗಿ ಒಂದು ಮಾತು. ಹಾರ್ಮೋನಿಯಂನಂತೆ ಇದಕ್ಕೂ ಕಪ್ಪು ಬಿಳುಪಿನ ಮನೆಗಳಿವೆ. ಆದರೆ ಇಲ್ಲಿ ತಿದಿಯ ಗಾಳಿಯಿಲ್ಲ. ಬೆರಳಿಟ್ಟೊಡನೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿದು ನಾದ ಹೊರಡುತ್ತದೆ. ನಮ್ಮ ಸಂಗೀತ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುವಂಥದು. ಪಾಶ್ಚಾತ್ಯ ಸಂಗೀತವಾದರೋ ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿಯನ್ನೇ ನಂಬಿಕೊಂಡಿದೆ. ಅಚ್ಚಾದ ಹಾಳೆಗಳು ಮರು ಮುದ್ರಣ ಕಾಣದೆ ದುರ್ಲಭವಾದರೆ ಆ ಕೃತಿಯೇ ಮೂಕವಾಗುತ್ತದೆ. ಆದ್ದರಿಂದಲೇ ಅಂಥ ಹಾಳೆಗಳನ್ನು ಹುಡುಕಿ ಕೂಡಿಡುವವರೂ, ಮರೆತ ಕೃತಿಗಳನ್ನು ಮತ್ತೆ ನುಡಿಸುವವರೂ ಆ ಸಂಗೀತಕ್ಕೆ ಮಹೋಪಕಾರಿಗಳು.

ಮಹಾರಾಜರು ಇಂಥ ಮರೆತ ಸಂಗೀತವನ್ನು ಅರಸಿದವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರರು ತಾಯ್ನಾಡನ್ನು ಬಿಟ್ಟು, ಕೆಲವು ಕಾಲ ಫ್ರಾನ್ಸಿನಲ್ಲಿದ್ದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ವೃದ್ಧಾಪ್ಯ, ಹೃದ್ರೋಗ, ಬಡತನ ಮೂರೂ ಅವರನ್ನು ಮುತ್ತಿದ್ದವು. ಅವರ ಪಿಯಾನೋ ಕೃತಿಗಳನ್ನು ಮೆಚ್ಚಿದ್ದ ಮಹಾರಾಜರು ಮೆಟ್ನರ್ ಸೊಸೈಟಿಯ ಸ್ಥಾಪನೆಗೆ ಕಾರಣರಾಗಿ, ಎಚ್.ಎಂ.ವಿ. ಸಂಸ್ಥೆಯಿಂದ ಆ ಕೃತಿಗಳ ಧ್ವನಿಮುದ್ರಣಕ್ಕೆ ದ್ರವ್ಯಸಹಾಯವಿತ್ತರು. ಮೂರು ಪಿಯಾನೋ ಕಾನ್ಸರ್ಟೋಗಳನ್ನೂ ಮೆಟ್ನರ್ ಸ್ವತಃ ನುಡಿಸಿದರು. ಅವುಗಳಲ್ಲಿ ಮೂರನೆಯದು ಮೈಸೂರಿನ ಮಹಾರಾಜರಿಗೇ ಅರ್ಪಿತವಾಗಿದೆ. ಮೆಟ್ನರ್ 1951ರಲ್ಲಿ ನಿಧನರಾದರು. ಆ ತಟ್ಟೆಗಳು ಇರದಿದ್ದಲ್ಲಿ ಅವರ ಬೆರಳ ನಾದದ ಬಹುಭಾಗ ಅವರೊಂದಿಗೇ ಅಡಗಿಹೋಗುತ್ತಿತ್ತು. ಮುಂದೆ 1959ರಿಂದ 1963ರವರೆಗೆ ಅವರ ಸಮಗ್ರ ಸ್ವರಲಿಪಿಗಳು 12 ಸಂಪುಟಗಳಾಗಿ ಮಾಸ್ಕೋದಲ್ಲಿ ಅಚ್ಚಾದವು.

ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಮಹಾರಾಜರು ಉದಾರವಾಗಿ ನೆರವಾದರು; 1948ರಲ್ಲಿ ಅದರ ಕಛೇರಿ ಸಂಘದ ಪ್ರಥಮ ಅಧ್ಯಕ್ಷರಾದರು. ಆ ನೆರವಿನಿಂದ 1949ರಲ್ಲಿ ಅಪರೂಪದ ಕೃತಿಗಳು ಧ್ವನಿಮುದ್ರಣಗೊಂಡವು. ಫ್ರಾನ್ಸಿನ ಆಲ್ಬೇರ್ ರೂಸೆಲ್ ಅವರ ನಾಲ್ಕನೆಯ ಸಿಂಫನಿ ಅವುಗಳಲ್ಲೊಂದು. ಈ ರೂಸೆಲ್ 1909ರಲ್ಲಿ ಭಾರತದಲ್ಲಿ ಸಂಚರಿಸಿ, ಚಿತ್ತೂರಿನ ರಾಣಿ ಪದ್ಮಾವತಿಯ ಕಥೆಯನ್ನು ಸಂಗೀತ ನಾಟಕವಾಗಿಸಿದವರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಾಗ ಹಣದ ಹೊಣೆ ಹೊತ್ತವರೂ ಇವರೇ. ಸುಮಾರು 20,000 ತಟ್ಟೆಗಳಿದ್ದ ತಮ್ಮ ಸಂಗ್ರಹಕ್ಕೆ ಅಂದಿನ ಗಾಯನವನ್ನು ಮುದ್ರಿಸಿ ಮೈಸೂರಿಗೆ ತರಿಸಿಕೊಂಡರು. ರಚಿಸಿದವರು ಆ ಗೀತೆಗಳನ್ನು ಕೇಳದೆಯೇ ಹಿಂದಿನ ವರ್ಷ ಕಣ್ಮುಚ್ಚಿದ್ದರು. ಆದರೆ ಆ ಸಂಜೆಯ ಧ್ವನಿಮುದ್ರಣ ಉಳಿದು, ಪ್ರಕಟವೂ ಆಗಿ, ಇಂದು ಎಲ್ಲರ ಸೊತ್ತಾಗಿದೆ.

ಹೊರಗಿನದನ್ನು ಪ್ರೀತಿಸಿ ಮನೆಯದನ್ನು ಮರೆತವರಲ್ಲ ಅವರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಶ್ರೀವಿದ್ಯಾ ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳನ್ನು ವಿದ್ವಾಂಸರು ಇಂದಿಗೂ ಹಾಡುತ್ತಿದ್ದಾರೆ. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡಕ್ಕೆ ತರಿಸಿ ಗ್ರಂಥಮಾಲೆಯಾಗಿ ಪ್ರಕಟಿಸಿದರು. ಸ್ವಾತಂತ್ರ್ಯಾನಂತರ ರಾಜಪ್ರಮುಖರಾಗಿ, ಬಳಿಕ ಮೈಸೂರಿನ ರಾಜ್ಯಪಾಲರಾಗಿ ಪ್ರಜಾಸೇವೆಯನ್ನು ಮುಂದುವರಿಸಿದರು. 1974ರ ಸೆಪ್ಟೆಂಬರ್ 23ರಂದು ದಿವಂಗತರಾದರು.

ಈಗ ನನ್ನ ನಿವೇದನೆ. ನಮ್ಮ ತಾತ ಬರೆದಿಟ್ಟ ಭಜನೆಯ ಪುಸ್ತಕವೊಂದು ನಮ್ಮ ಮನೆಯಲ್ಲಿತ್ತು. ತತ್ತ್ವಪದಗಳು, ಮಾದಪ್ಪನ ಪದಗಳು, ಕೆಲವಕ್ಕೆ ಹಾರ್ಮೋನಿಯಂ ಸ್ವರಗಳೂ ಅದರಲ್ಲಿದ್ದವು. ಪಕ್ಕದೂರಿನ ಭಜನೆಯವರು ಪ್ರತಿ ಮಾಡಿಕೊಳ್ಳುತ್ತೇವೆಂದು ಎರಡು ಸಲ ಕೇಳಿದರು. ಹಾಳೆ ಹರಿದೀತೆಂಬ ನೆಪ ಹೇಳಿ ಎರಡು ಸಲವೂ ಇಲ್ಲವೆಂದೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಒಂದು ಮಳೆಗಾಲ ಕಳೆದು ತೆಗೆದು ನೋಡಿದಾಗ ಗೆದ್ದಲು ಅರ್ಧ ಪುಸ್ತಕವನ್ನು ಮಣ್ಣು ಮಾಡಿತ್ತು. ಆ ಅರ್ಧದಲ್ಲಿದ್ದ ಪದಗಳನ್ನು ಬಲ್ಲವರು ಈಗ ಊರಿನಲ್ಲಿ ಯಾರೂ ಇಲ್ಲ. ಮಹಾರಾಜರು ಕಾಣದ ನಾಡಿನ ಮುದುಕನೊಬ್ಬನ ಸ್ವರಗಳನ್ನು ಉಳಿಸಿದರು. ನಾನು ನನ್ನ ತಾತನ ಸ್ವರಗಳನ್ನು ಕಳೆದೆ. ಅವರಿಗೆ ಸಿರಿಯಿತ್ತು, ನಿಜ. ಆದರೆ ನನಗೆ ಬೇಕಾಗಿದ್ದುದು ನಾಲ್ಕಾಣೆಯ ನೋಟುಬುಕ್ಕು ಮತ್ತು ಕೊಡುವ ಮನಸ್ಸು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇಂಥ ಹಾಳೆಗಳೇ ಆಸ್ತಿ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಮನೆಯಲ್ಲಿರುವ ಹಾಡಿನ ಪುಸ್ತಕ, ನಾಟಕದ ಪ್ರತಿ ಏನಿದ್ದರೂ ಶಾಲೆಗೆ ತನ್ನಿ. ಮಕ್ಕಳು ನಕಲು ಮಾಡಿಕೊಳ್ಳಲಿ. ಮೂಲ ನಿಮ್ಮ ಮನೆಗೇ ಹಿಂದಿರುಗಲಿ. ಪ್ರತಿಗಳನ್ನಿಡಲು ಒಂದು ಬೀರುವನ್ನು ನಾನು ಕೊಡಿಸುತ್ತೇನೆ. ಗೆದ್ದಲು ತಿಂದುಳಿದ ಆ ಅರ್ಧ ಪುಸ್ತಕವೇ ಅದರಲ್ಲಿ ಮೊದಲನೆಯದಾಗಲಿ.