ಕುಕ್ಕರ್ ಸೀಟಿಯ ಹಿಂದಿನ ಮನುಷ್ಯ: ಡೆನಿಸ್ ಪಾಪಿನ್

ಡೆನಿಸ್ ಪಾಪಿನ್ ಹುಟ್ಟಿದ್ದು 1647ರಲ್ಲಿ, ಫ್ರಾನ್ಸಿನ ಬ್ಲುವಾ ಪಟ್ಟಣದ ಹತ್ತಿರ. ಆಗ ನಮ್ಮ ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಷಾನ ಆಳ್ವಿಕೆ, ಗೋಳಗುಮ್ಮಟದ ಕೆಲಸ ಇನ್ನೂ ನಡೀತಾ ಇತ್ತು. ಥರ್ಮೋ ಕ್ಲಾಸಿನಲ್ಲಿ ನಮಗೆ ವಾಟ್ ಬರ್ತಾನೆ, ಕಾರ್ನೋ ಬರ್ತಾನೆ, ಈ ಪಾಪಿನ್ ಮಾತ್ರ ಬರಲಿಲ್ಲ. ಆದ್ರೆ ದಿನಾ ಬೆಳಿಗ್ಗೆ ಮೆಸ್ಸಿನಲ್ಲಿ ಕೂಗೋ ಕುಕ್ಕರ್ ಈತನದೇ.

ಓದಿದ್ದು ವೈದ್ಯಕೀಯ, 1669ರಲ್ಲಿ ಡಿಗ್ರಿ ಆಯ್ತು. ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಪ್ಯಾರಿಸ್‌ಗೆ ಹೋಗಿ ಹೈಗನ್ಸ್ ಹತ್ತಿರ ಸಹಾಯಕನಾಗಿ ಸೇರಿದ. ನಾವು ವೇವ್ ಆಪ್ಟಿಕ್ಸ್‌ನಲ್ಲಿ ಓದೋ ಅದೇ ಹೈಗನ್ಸ್. ಇಬ್ಬರೂ ಸೇರಿ ಏರ್ ಪಂಪ್ ಪ್ರಯೋಗ ಮಾಡಿದರು, ಸಿಲಿಂಡರಿನಲ್ಲಿ ಮದ್ದು ಸಿಡಿಸಿ ಪಿಸ್ಟನ್ ಎತ್ತಿಸೋಕೆ ನೋಡಿದರು. 1675ರಲ್ಲಿ ಲಂಡನ್‌ಗೆ ಹೋದ ಮೇಲೆ ರಾಬರ್ಟ್ ಬಾಯ್ಲ್ ಜೊತೆ ಕೆಲಸ. ಪಾಪಿನ್‌ನ ಪುಣ್ಯವೋ ಪಾಪವೋ ಗೊತ್ತಿಲ್ಲ, ಜೀವನ ಪೂರ್ತಿ ದೊಡ್ಡ ಹೆಸರಿನವರ ಪಕ್ಕದಲ್ಲೇ ನಿಂತ, ತನ್ನ ಹೆಸರು ಮಾತ್ರ ಚಿಕ್ಕದಾಗೇ ಉಳೀತು.

1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪಾತ್ರೆ ತಂದು ತೋರಿಸಿದ. ದಪ್ಪ ಲೋಹದ ಪಾತ್ರೆ, ಮುಚ್ಚಳಕ್ಕೆ ಸ್ಕ್ರೂ ಹಾಕಿ ಬಿಗಿ. ಒಳಗೆ ನೀರು, ಎಲುಬು. ಕೆಳಗೆ ಬೆಂಕಿ. ಹಬೆಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಒತ್ತಡ ಏರುತ್ತೆ, ಒತ್ತಡ ಏರಿದಂಗೆ ನೀರು ಕುದಿಯೋ ಬಿಂದುವೂ ಮೇಲೆ ಹೋಗುತ್ತೆ. ನಮ್ಮ ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಒಳಗೆ ಸುಮಾರು 120. ಆ ಬಿಸಿಗೆ ಎಲುಬೂ ಮೆತ್ತಗಾಗಿ ಬಿಡ್ತು. ಬಡವರಿಗೆ ಬಿಸಾಕೋ ಎಲುಬಿನಿಂದ ಊಟ ಸಿಗಲಿ ಅನ್ನೋದು ಆತನ ಲೆಕ್ಕ. 1682ರ ಏಪ್ರಿಲ್‌ನಲ್ಲಿ ಸೊಸೈಟಿಯ ಸದಸ್ಯರಿಗೆ ಈ ಪಾತ್ರೆಯಲ್ಲೇ ಬೇಯಿಸಿ ಊಟ ಹಾಕಿದ. ಎಲ್ಲರೂ ಖುಷಿಯಾಗಿ ತಿಂದರು.

ಒಳಗಿನ ಬಿಸಿ ಅಳೆಯೋಕೆ ಒಳ್ಳೆ ಥರ್ಮಾಮೀಟರ್ ಇಲ್ಲದ ಕಾಲ. ಮುಚ್ಚಳದ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಎಷ್ಟು ಹೊತ್ತಿಗೆ ಆರುತ್ತೆ ಅಂತ ಪೆಂಡ್ಯುಲಮ್ ನೋಡಿ ಎಣಿಸ್ತಿದ್ದ. ನನಗೆ ಈ ಮನುಷ್ಯ ಇಷ್ಟ ಆಗಿದ್ದು ಇಲ್ಲೇ.

ಆದ್ರೆ ಆತನ ದೊಡ್ಡ ಕೆಲಸ ಪಾತ್ರೆ ಅಲ್ಲ, ಅದರ ಮುಚ್ಚಳದಲ್ಲಿದ್ದ ಸಣ್ಣ ರಂಧ್ರ. ಮುಚ್ಚಿದ ಪಾತ್ರೆಗೆ ಬೆಂಕಿ ಕೊಟ್ಟರೆ ಒತ್ತಡ ತಾನಾಗಿ ನಿಲ್ಲೋದಿಲ್ಲ, ಪಾತ್ರೆ ಒಡೆಯೋವರೆಗೂ ಏರುತ್ತೆ. ಅದಕ್ಕೆ ರಂಧ್ರದ ಮೇಲೊಂದು ಮುಚ್ಚಳಿಕೆ, ಅದನ್ನು ಒತ್ತಿ ಹಿಡಿಯೋಕೆ ತಕ್ಕಡಿ ತರದ ಸನ್ನೆ, ಸನ್ನೆಯ ತುದಿಗೆ ತೂಕದ ಕಲ್ಲು. ಲೆಕ್ಕ ನೋಡಿ: ರಂಧ್ರ 1 ಚದರ ಸೆಂ.ಮೀ. ಇದ್ದು, ಒತ್ತಡ ಪ್ರತಿ ಚದರ ಸೆಂ.ಮೀ.ಗೆ 1 ಕೆಜಿ ಆದಾಗ ತೆರೆಯಬೇಕು ಅಂದ್ರೆ ಮೇಲೆ 1 ಕೆಜಿ ಒತ್ತು ಬೇಕು. ಸನ್ನೆಯಲ್ಲಿ ಐದು ಪಟ್ಟು ದೂರ ಇಟ್ಟರೆ 200 ಗ್ರಾಂ ಸಾಕು. ನಮ್ಮ ಕುಕ್ಕರಿನಲ್ಲಿ ಸನ್ನೆ ಇಲ್ಲ, ರಂಧ್ರವೇ ಸಣ್ಣದು. 3 ಮಿ.ಮೀ. ರಂಧ್ರ ಅಂದ್ರೆ 0.07 ಚದರ ಸೆಂ.ಮೀ., ಅದಕ್ಕೆ 70 ಗ್ರಾಂ ವೇಟ್. ಇದೇ ಸೇಫ್ಟಿ ವಾಲ್ವ್. ಇಲ್ಲಿ ಮಿತಿ ಹೇಳೋದು ಆ ತೂಕ. ತೂಕ ಮುಟ್ಟಿದವನು ಮಿತಿ ಮುಟ್ಟಿದಂಗೆ.

ಇಷ್ಟು ಹಳೇ ವಿಷಯ ತಿಕೋಟಾ, ಬಬಲೇಶ್ವರ ಕಡೆಯವರಿಗೆ ಹೊಸದೇನಲ್ಲ. ದ್ರಾಕ್ಷಿಗೆ ಎಣ್ಣಿ ಹೊಡೆಯೋ ಎಚ್‌ಟಿಪಿ ಪಂಪ್ ನೋಡಿದ್ದೀರಲ್ಲ, ಅದರಲ್ಲಿ ಒಂದು ರೆಗ್ಯುಲೇಟರ್, ಅದರಿಂದ ಬ್ಯಾರಲ್ಲಿಗೆ ವಾಪಸ್ ಹೋಗೋ ಒಂದು ಪೈಪ್ ಇರುತ್ತೆ. ಗನ್ ಮುಚ್ಚಿದಾಗ ಹೆಚ್ಚಾದ ಒತ್ತಡ ಆ ದಾರಿಯಿಂದ ಹೋಗುತ್ತೆ. ಪಾಪಿನ್‌ನ ತೂಕದ ಜಾಗದಲ್ಲಿ ಸ್ಪ್ರಿಂಗ್, ಅಷ್ಟೇ ವ್ಯತ್ಯಾಸ. ಫೋರ್ಸ್ ಬರ್ತಿಲ್ಲ ಅಂತ ಅದನ್ನ ಬಿಗಿ ಮಾಡ್ತಾ ಹೋಗೋರನ್ನೂ ನೋಡಿದ್ದೀನಿ.

ಇದಕ್ಕಿಂತ ಅಪಾಯದ್ದು ಬಿಸಿ ಮಾಡಿ ಹೊಡೆಯೋ ಸ್ಪ್ರೇ. ಒಣದ್ರಾಕ್ಷಿ ಇಡೋ ಕೋಲ್ಡ್ ಸ್ಟೋರೇಜ್ ತರದ ಕಟ್ಟಡಗಳ ಗೋಡೆಗೆ, ಶೀಟಿಗೆ ಪಾಲಿಯುರಿಥೇನ್ ಫೋಮ್ ಹೊಡೀತಾರಲ್ಲ, ಅದು. ಎರಡು ಡ್ರಮ್, ಎರಡು ದ್ರವ. ಹೀಟರ್‌ನಲ್ಲಿ 50–60 ಡಿಗ್ರಿಗೆ ಕಾಯಿಸಿ, ಬಿಸಿ ಹೋಸ್‌ನಲ್ಲಿ 1000 ಪಿಎಸ್‌ಐಗೂ ಮೇಲಿನ ಒತ್ತಡದಲ್ಲಿ ಗನ್‌ವರೆಗೆ ತರ್ತಾರೆ. ಇಲ್ಲಿ ಪಂಪ್ ಆಫ್ ಮಾಡಿದ್ರೆ ಸೇಫ್ ಅನ್ಕೋತೀವಿ. ಅಲ್ಲ. ಎರಡೂ ಕಡೆ ಮುಚ್ಚಿದ ಹೋಸ್‌ನಲ್ಲಿ ಹೀಟರ್ ಆನ್ ಇದ್ರೆ ದ್ರವ ಹಿಗ್ಗುತ್ತೆ, ಪಂಪ್ ಇಲ್ಲದೇನೇ ಒತ್ತಡ ಏರುತ್ತೆ. ಬಿಸಿಯೇ ಇನ್ನೊಂದು ಪಂಪ್, ಪಾಪಿನ್ ಪಾತ್ರೆ ಇದ್ದಂಗೇ. ಅದಕ್ಕೇ ರಿಲೀಫ್ ಪೈಪ್ ಡ್ರಮ್ಮಿಗೆ ತೆರೆದಿರಬೇಕು, ಅದರ ಮೇಲೆ ಯಾವ ಕಾಕ್ ಕೂಡ ಹಾಕಬಾರದು. ಬಿಚ್ಚೋ ಮುಂಚೆ ಹೀಟರ್ ಆಫ್, ಪಂಪ್ ಆಫ್, ಒತ್ತಡ ಇಳಿಸಿ, ಗೇಜ್ ಸೊನ್ನೆ ನೋಡಿ, ಟ್ರಿಗರ್ ಲಾಕ್. ಇನ್ನೂ ಒಂದು ಇದೆ: ಐಸೊಸೈನೇಟ್ ಡ್ರಮ್ಮಿಗೆ ನೀರು ಸೇರಿದ್ರೆ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಅಂಥ ಡ್ರಮ್ ಬಿಗಿಯಾಗಿ ಮುಚ್ಚಿದ್ರೆ ಅದೂ ಸಿಡಿಯಬಹುದು.

ಲೀಕ್ ಎಲ್ಲಿದೆ ಅಂತ ಬೆರಳು ಇಟ್ಟು ನೋಡೋ ಅಭ್ಯಾಸ ನಮ್ಮವರಿಗೆ ಭಾಳ. ಆ ಒತ್ತಡದಲ್ಲಿ ದ್ರವ ಗ್ಲೌಸ್, ಚರ್ಮ ಎರಡನ್ನೂ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಅಷ್ಟಿರಲ್ಲ. ಒಳಗೆ ಮಾತ್ರ ಮಾಂಸ ಹಾಳಾಗ್ತಾ ಹೋಗುತ್ತೆ, ತಡ ಆದ್ರೆ ಬೆರಳೇ ತೆಗೀಬೇಕಾಗಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ ಇದು ಹೈ ಪ್ರೆಷರ್ ಇಂಜೆಕ್ಷನ್ ಗಾಯ, ಒಳಗೆ ಹೋದ ಕೆಮಿಕಲ್ ಇಂಥದ್ದು ಅಂತ ಬಾಯಿ ಬಿಟ್ಟು ಹೇಳಬೇಕು. ಸುಮ್ಮನೆ ಚುಚ್ಚಿದೆ ಅಂದ್ರೆ ಟಿಟಿ ಕೊಟ್ಟು ಕಳಿಸಿಬಿಡಬಹುದು.

ಪಾಪಿನ್ ಕಥೆಗೆ ವಾಪಸ್ ಬರೋಣ. ಆತ ಪ್ರೊಟೆಸ್ಟಂಟ್. 1685ರಲ್ಲಿ ಫ್ರಾನ್ಸ್ ರಾಜ ಪ್ರೊಟೆಸ್ಟಂಟರಿಗಿದ್ದ ರಕ್ಷಣೆ ತೆಗೆದ ಮೇಲೆ ಊರಿಗೆ ಮರಳೋ ದಾರಿ ಮುಚ್ಚಿತು. 1686ರಲ್ಲಿ ಔರಂಗಜೇಬ್ ವಿಜಯಪುರ ಗೆದ್ದ, ಮರುವರ್ಷ ಪಾಪಿನ್ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಗಣಿತದ ಪ್ರೊಫೆಸರ್ ಆದ. 1690ರಲ್ಲಿ ಒಂದು ಲೇಖನ ಪ್ರಕಟಿಸಿದ: ಸಿಲಿಂಡರಿನ ತಳದಲ್ಲಿ ಸ್ವಲ್ಪ ನೀರು, ಮೇಲೆ ಪಿಸ್ಟನ್. ಕಾಯಿಸಿದ್ರೆ ಹಬೆ ಪಿಸ್ಟನ್ ಎತ್ತುತ್ತೆ, ತಣಿದ್ರೆ ಹಬೆ ನೀರಾಗಿ ಹೊರಗಿನ ಗಾಳಿ ಪಿಸ್ಟನ್ ಇಳಿಸುತ್ತೆ. 1712ರ ನ್ಯೂಕಮೆನ್ ಎಂಜಿನ್ನಿನ ಮೂಲ ಯೋಚನೆ ಇದೇ.

ಆಮೇಲೆ ಕಾಸೆಲ್‌ಗೆ ಹೋದ. ಅಲ್ಲಿಂದ 1707ರ ಸೆಪ್ಟೆಂಬರಿನಲ್ಲಿ ತಾನೇ ಕಟ್ಟಿಸಿದ ಗಾಲಿ ದೋಣಿಯಲ್ಲಿ ಮನೆಯವರ ಜೊತೆ ಇಂಗ್ಲೆಂಡಿಗೆ ಹೊರಟ. ಭಾಳ ಕಡೆ ಇದನ್ನ ಉಗಿದೋಣಿ ಅಂತ ಬರೆದಿರ್ತಾರೆ, ಅದು ಕೈಯಿಂದ ತಿರುಗಿಸೋ ಗಾಲಿ. ಮ್ಯುಂಡನ್ ಹತ್ತಿರ ಅಂಬಿಗರ ಸಂಘದವರು ತಮ್ಮ ಹಕ್ಕಿನ ನದಿಯಲ್ಲಿ ಇವನ್ಯಾರು ಅಂತ ದೋಣಿ ಎಳೆದು ಒಡೆದು ಹಾಕಿದರು.

ಲಂಡನ್ ಮುಟ್ಟಿದಾಗ ಬಾಯ್ಲ್ ಇಲ್ಲ, ರಾಯಲ್ ಸೊಸೈಟಿಯ ಅಧ್ಯಕ್ಷ ನ್ಯೂಟನ್. ತನ್ನ ಎಂಜಿನ್ ಪರೀಕ್ಷೆಗೆ ಸ್ವಲ್ಪ ದುಡ್ಡು ಕೇಳಿದ, ಸಿಗಲಿಲ್ಲ. ಬಡತನದಲ್ಲೇ ಕೊನೆಯ ವರ್ಷಗಳು ಹೋದವು. 1713ರ ಆಗಸ್ಟ್ 26ರಂದು ಲಂಡನ್ನಿನ ಸೇಂಟ್ ಬ್ರೈಡ್ಸ್ ಚರ್ಚಿನಲ್ಲಿ ಮಣ್ಣು ಮಾಡಿದ ದಾಖಲೆ ಇದೆ.

ಆತ ಸತ್ತ ಮೇಲೆ ಡೆಸಾಗ್ಯುಲಿಯರ್ಸ್ ಎಂಬ ವಿಜ್ಞಾನಿ ಸೇವರಿಯ ಉಗಿ ಪಂಪಿಗೆ ಪಾಪಿನ್‌ನ ವಾಲ್ವ್ ಜೋಡಿಸಿದ. ಅಂಥ ಒಂದು ಎಂಜಿನ್ ಮುಂದೆ, ಏನೂ ಕಲಿಯದ ಒಬ್ಬನ ಕೈಗೆ ಬಂತು. ಕೆಲಸ ಬೇಗ ಆಗಲಿ ಅಂತ ಆತ ತೂಕವನ್ನು ಸನ್ನೆಯ ತುದಿಗೆ ಜರುಗಿಸಿ, ಅದರ ಮೇಲೆ ಒಂದು ಭಾರದ ಕಬ್ಬಿಣವನ್ನೂ ತೂಗುಹಾಕಿದ. ಬಾಯ್ಲರ್ ಸಿಡಿದು ಪಕ್ಕದಲ್ಲಿದ್ದ ಆತನೇ ಸತ್ತ. ನಮ್ಮ ದೇಶದಲ್ಲೂ ಕಲ್ಕತ್ತದಲ್ಲಿ 1863ರಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೇ ಮೊದಲ ಬಾಯ್ಲರ್ ಕಾನೂನು ಬಂತು. ಕೂಡಗಿ ಸ್ಥಾವರದ ಬಾಯ್ಲರ್ ಆಗಲಿ, ಸಕ್ಕರೆ ಕಾರ್ಖಾನೆಯದಾಗಲಿ, ಇನ್‌ಸ್ಪೆಕ್ಟರ್ ಬಂದು ವಾಲ್ವ್ ನೋಡ್ತಾರೆ. ಫೋಮ್ ಸ್ಪ್ರೇ ಮಷೀನ್ ಬಾಯ್ಲರ್ ಅಲ್ಲ, ಆ ಕಾನೂನಿನೊಳಗೆ ಬರೋದಿಲ್ಲ. ಅಲ್ಲಿ ರಿಲೀಫ್ ಪೈಪ್ ತೆರೆದಿದೆಯೋ ಇಲ್ಲವೋ ನೋಡಬೇಕಾದವನು ಗನ್ ಹಿಡಿದವನೇ.